ಕಲ್ಲಿಗೆ ನೆನಪು ತರಿಸಿದ ಜಕ್ಕಲೆ

ಇನ್ನೂ ಬೆಟ್ಟಗಳಿಗೆ ಹೆಸರಿಡದ ಕಾಲದಲ್ಲಿ, ಕಲ್ಗುಡಿ ಎಂಬ ರಾಜ್ಯದಲ್ಲಿ ಜಕ್ಕಲೆ ಎಂಬ ಚಿತ್ರಗಾತಿ ಇದ್ದಳು. ತಂದೆತಾಯಿ ಇಲ್ಲದ ಅವಳನ್ನು ಸಾಕಿ ಬೆಳೆಸಿದವಳು ಅಕ್ಕ ಕೇತಲೆ. ಜಕ್ಕಲೆ ಊರಾಚೆಯ ಕೊರಕಲಿಗಿಳಿದು ಬಣ್ಣದ ಕಲ್ಲುಗಳನ್ನು ಆರಿಸಿ ತರುವಳು. ಕೇತಲೆ ಅವನ್ನು ನುಣ್ಣಗೆ ಅರೆದು, ಅಂಟು ಬೆರೆಸಿ ಕೊಡುವಳು.

ಉಳಿದ ಚಿತ್ರಗಾರರು ಆನೆ, ಅಂಬಾರಿ, ಅರಸು ಎಂದು ಬರೆಯುತ್ತಿದ್ದರು. ಜಕ್ಕಲೆ ಬರೆಯುತ್ತಿದ್ದುದು ನೆಲವನ್ನು. ಅದೂ ಕಣ್ಣಿಗೆ ಕಾಣುವ ನೆಲವಲ್ಲ, ಅದರ ಅಡಿಯದು. ಮೇಲೊಂದು ಬಿಳಿಯ ಪಟ್ಟೆ, ಅದರ ಕೆಳಗೆ ಕಪ್ಪು, ಎಲ್ಲಕ್ಕೂ ಕೆಳಗೆ ಬೂದು.

"ಇದೇನಮ್ಮ, ಸೀರೆಯ ಅಂಚೇ?" ಎಂದು ನೋಡಿದವರು ಕೇಳುತ್ತಿದ್ದರು.

"ಬಿಳಿ ಇಲ್ಲಿದ್ದ ಕಡಲು. ಕಪ್ಪು ಇಲ್ಲಿ ಹರಿದ ಬೆಂಕಿ. ಬೂದು ಮೊಟ್ಟಮೊದಲ ಕಲ್ಲು," ಎನ್ನುತ್ತಿದ್ದಳು ಜಕ್ಕಲೆ.

ಕೇಳಿದವರು ಸುಮ್ಮನೆ ತಲೆಯಾಡಿಸಿ ಹೊರಟುಹೋಗುತ್ತಿದ್ದರು. ಅವರು ಹೋದ ಮೇಲೆ ಜಕ್ಕಲೆಗೆ ಅಳುಕು ಶುರುವಾಗುತ್ತಿತ್ತು. ಆ ಕಡಲನ್ನು ಅವಳೇನೂ ಕಂಡಿರಲಿಲ್ಲ. ಕಲ್ಲುಗಳನ್ನು ನೋಡಿ ನೋಡಿ ಊಹಿಸಿದ್ದಳು. ಊಹೆಯೇ ತಪ್ಪಾಗಿದ್ದರೆ?

ಆ ರಾಜ್ಯದ ಅರಸನಿಗೆ ಮುಪ್ಪಿನ ಭಯ, ಸಾವಿನ ಭಯ. ಇದನ್ನು ತಿಳಿದು ಜಡಕಾಯ ಎಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ. "ಅರಸರೇ, ಇಲ್ಲಿ ಏನೊಂದೂ ಬದಲಾಗದಂತೆ ಮಾಡಿಕೊಡುತ್ತೇನೆ," ಎಂದ. ಅರಸ ಆಗಲಿ ಎಂದ. ಜಡಕಾಯ ಅಂಗಳದಲ್ಲಿ ಕೋಲು ಕುಟ್ಟಿದ. ಅರಸ ಕೂತಲ್ಲೇ ಕಲ್ಲಾದ. ಊರಿನವರೆಲ್ಲರ ಪಾದಗಳು ಕಲ್ಲಾದವು. ಆ ಕಲ್ಲು ಮೆಲ್ಲಮೆಲ್ಲನೆ ಮೈಮೇಲೇರತೊಡಗಿತು. ಅವರು ಬದುಕಬೇಕಿದ್ದ ವರುಷಗಳೆಲ್ಲ ಹರಿದು ಹೋಗಿ ಜಡಕಾಯನ ಮೈ ಸೇರಿದವು. ಅವನ ನರೆಗೂದಲು ಕಪ್ಪಾಯಿತು.

ಜಕ್ಕಲೆ ಆಗ ಕೊರಕಲಿನ ತಳದಲ್ಲಿದ್ದಳು. ಮಂತ್ರ ಅಷ್ಟು ಕೆಳಗೆ ಇಳಿಯಲಿಲ್ಲ. ಅವಳು ಮನೆಗೆ ಬಂದಾಗ ಕೇತಲೆ ಅರೆಯುವ ಕಲ್ಲಿನ ಮುಂದೆ ಕೂತಿದ್ದಳು.

"ಜಕ್ಕೀ, ಕಾಲು ಎತ್ತೋಕೆ ಬರ್ತಾ ಇಲ್ಲ ಕಣೆ," ಎಂದಳು.

ಜಕ್ಕಲೆ ಮುಟ್ಟಿ ನೋಡಿದಳು. ಪಾದ ತಣ್ಣಗಿತ್ತು, ಗಟ್ಟಿಯಾಗಿತ್ತು. ಅವಳು ಅರಮನೆಗೆ ಓಡಿ ಮಾಂತ್ರಿಕನ ಕಾಲಿಗೆ ಬಿದ್ದಳು. "ಸ್ವಾಮೀ, ನನ್ನ ಅಕ್ಕನನ್ನು ಬಿಟ್ಟುಬಿಡಿ."

"ಕಲ್ಲಾದದ್ದು ಕಲ್ಲೇ," ಎಂದ ಜಡಕಾಯ. "ಕಲ್ಲು ಎಂದೂ ಬದಲಾಗುವುದಿಲ್ಲ. ನನ್ನ ಮಂತ್ರ ನಿಂತಿರುವುದೇ ಆ ಒಂದು ಮಾತಿನ ಮೇಲೆ."

"ಬದಲಾಗುತ್ತದೆ ಸ್ವಾಮೀ. ಕಲ್ಲು ಕಡಲಾಗಿತ್ತು. ಬೆಂಕಿಯಾಗಿತ್ತು."

ಜಡಕಾಯ ನಕ್ಕ. "ಹಾಗಾದರೆ ಆ ಕಡಲಿನ ಬಿಳಿ, ಆ ಬೆಂಕಿಯ ಕಪ್ಪು, ಆ ಮೊದಲ ಕಲ್ಲಿನ ಬೂದು ತಂದು ಈ ಗೋಡೆಯ ಮೇಲೆ ಬರೆದು ತೋರಿಸು. ಅಷ್ಟರಲ್ಲಿ ನಿನ್ನ ಅಕ್ಕ ಉಳಿದಿದ್ದರೆ ನೋಡೋಣ."

ಜಕ್ಕಲೆ ಅಳುತ್ತ ಮನೆಗೆ ಬಂದು ನಡೆದದ್ದನ್ನು ಹೇಳಿದಳು. "ಸತ್ತುಹೋದ ಕಡಲಿಗೆ ನಾನು ಹೇಗೆ ಹೋಗಲಿ, ಅಕ್ಕಾ?"

ಕೇತಲೆ ಗೋಡೆಗೆ ಒರಗಿಸಿದ್ದ ಪಟವನ್ನು ತೋರಿಸಿದಳು. "ಅದರೊಳಗೆ ಹೋಗು. ನೀನು ಬರೆದದ್ದು ನಿಜವಾದರೆ ದಾರಿ ಬಿಡುತ್ತೆ. ಸುಳ್ಳಾದರೆ ಹಣೆ ಗೋಡೆಗೆ ಬಡಿಯುತ್ತೆ, ಅಷ್ಟೇ ತಾನೆ."

ಜಕ್ಕಲೆ ಕಣ್ಣು ಮುಚ್ಚಿ ಬಿಳಿಯ ಪಟ್ಟೆಯೊಳಗೆ ಕಾಲಿಟ್ಟಳು. ಹಣೆ ಬಡಿಯಲಿಲ್ಲ. ಬಾಯಿಗೆ ಉಪ್ಪುನೀರು ಬಂತು.

ಅದು ಕಡಲಿನ ತಳ. ಅಲ್ಲಿ ಗುಡಿಯಷ್ಟು ದೊಡ್ಡ ಸುರುಳಿ ಚಿಪ್ಪಿನ ಪ್ರಾಣಿಯೊಂದು ಕಾವಲಿತ್ತು. ಅದು ತನ್ನ ತೋಳುಗಳಿಂದ ಜಕ್ಕಲೆಯ ಸೊಂಟ ಸುತ್ತಿ ಕೇಳಿತು, "ನಿನ್ನ ಪಟದಲ್ಲಿ ನಾನು ಎಲ್ಲಿದ್ದೇನೆ?"

ಜಕ್ಕಲೆಯ ಎದೆ ಹೊಡೆದುಕೊಂಡಿತು. ನಿನ್ನನ್ನು ದೊಡ್ಡದಾಗಿ ಬರೆಯುತ್ತೇನೆ ಎನ್ನೋಣವೆಂದುಕೊಂಡಳು. ಆ ಸುಳ್ಳಿಗೆ ನಾಲಿಗೆ ಏಳಲಿಲ್ಲ. "ನೀನು, ನಿನ್ನ ಮಕ್ಕಳು, ಅವರ ಮಕ್ಕಳು, ಎಲ್ಲರ ಚಿಪ್ಪೂ ಸೇರಿ ಒಂದು ಬಿಳಿಯ ಗೆರೆ," ಎಂದಳು.

"ನನ್ನ ಇಡೀ ಕುಲ ಒಂದು ಗೆರೆಯೇ?"

"ಹೌದು. ಆದರೆ ಆ ಗೆರೆ ಎಲ್ಲೂ ತುಂಡಾಗಿಲ್ಲ."

ಪ್ರಾಣಿ ತನ್ನ ಚಿಪ್ಪಿನ ಅಂಚು ಮುರಿದು ಅವಳ ಕೈಗಿತ್ತು, ತೋಳು ಸಡಿಲಿಸಿತು.

ಜಕ್ಕಲೆ ಹಿಂದಿರುಗಿದಾಗ ಕಲ್ಲು ಅಕ್ಕನ ಮೊಣಕಾಲು ದಾಟಿತ್ತು. ಕೇತಲೆ ಚಿಪ್ಪನ್ನು ಅರೆಯತೊಡಗಿದಳು. "ನಿಂತು ನೋಡಬೇಡ, ಹೋಗು," ಎಂದಳು.

ಜಕ್ಕಲೆ ಕಪ್ಪು ಪಟ್ಟೆಯೊಳಗೆ ಕಾಲಿಟ್ಟಳು. ಅಲ್ಲಿ ನೆಲವೇ ಕುದಿಯುತ್ತಿತ್ತು. ಬೆಂಕಿಯ ಕೋಣವೊಂದು ಬಯಲಿನ ತುಂಬ ಓಡುತ್ತಿತ್ತು. ಅದರ ಗೊರಸು ತಾಗಿದಲ್ಲೆಲ್ಲ ಕೆಂಪು ಹೊಳೆ ಹರಿಯುತ್ತಿತ್ತು. ಅಕ್ಕನನ್ನು ನೆನೆದು ಆತುರಪಟ್ಟ ಜಕ್ಕಲೆ ಅದರ ಕೊಂಬಿಗೆ ಕೈ ಹಾಕಿದಳು. ಬಲಗೈ ಸುಟ್ಟುಹೋಯಿತು.

"ಆರದ ಬೆಂಕಿಯಲ್ಲಿ ಕಪ್ಪು ಎಲ್ಲಿಂದ ಬರಬೇಕು?" ಎಂದಿತು ಕೋಣ. "ಕಾಯುವುದಾದರೆ ಕಾಯಿ."

ಜಕ್ಕಲೆ ಕೂತಳು. ಕೂತಷ್ಟು ಹೊತ್ತೂ ಕಲ್ಲು ಅಕ್ಕನ ಮೈಮೇಲೆ ಏರುವುದೇ ಕಣ್ಣಿಗೆ ಕಟ್ಟುತ್ತಿತ್ತು. ಈಗ ತೊಡೆ, ಈಗ ಸೊಂಟ. ಎದ್ದು ಓಡಿಹೋಗಬೇಕೆನಿಸಿದಾಗಲೆಲ್ಲ ಹಲ್ಲುಕಚ್ಚಿ ಹಿಡಿದುಕೊಂಡಳು. ಕೋಣದ ಓಟ ನಡಿಗೆಯಾಯಿತು. ಕೊನೆಗೆ ಅದು ಅವಳ ಪಕ್ಕಕ್ಕೆ ಬಂದು ಮಲಗಿತು. ಬೆನ್ನು ಕಪ್ಪಗೆ ಆರಿತು. ಅವಳು ಒಂದು ಚಕ್ಕೆ ಎಬ್ಬಿಕೊಂಡು ಓಡಿದಳು.

ಕಲ್ಲು ಅಕ್ಕನ ಎದೆಗೆ ಬಂದಿತ್ತು. ಕೇತಲೆ ಬಿಳಿಯನ್ನು ಅರೆದಿಟ್ಟು ಕಪ್ಪಿಗಾಗಿ ಕೈ ಚಾಚಿದಳು. ಚಕ್ಕೆ ಅರ್ಧ ನುಣುಪಾಗುವಷ್ಟರಲ್ಲಿ ಅವಳ ಬೆರಳುಗಳು ನಿಂತುಹೋದವು. "ಬೇಗ ಬಾ ಜಕ್ಕೀ," ಎಂದಳು. ಅಕ್ಕನ ದನಿ ನಡುಗಿದ್ದನ್ನು ಜಕ್ಕಲೆ ಅದೇ ಮೊದಲು ಕೇಳಿದ್ದು.

ಅವಳು ಬೂದು ಪಟ್ಟೆಯೊಳಗೆ ಕಾಲಿಟ್ಟಳು. ಅಲ್ಲಿ ಕಾವಲಿರಲಿಲ್ಲ. ಹುಲ್ಲಿಲ್ಲ, ಹಕ್ಕಿಯಿಲ್ಲ, ಸದ್ದಿಲ್ಲ. ಬರಿಯ ಬೂದು ಬಂಡೆ, ಬರಿಯ ಆಕಾಶ. ಜಕ್ಕಲೆಯ ಎದೆಬಡಿತ ತಾನಾಗಿ ನಿಧಾನವಾಯಿತು. ಸುಟ್ಟ ಕೈಯ ಉರಿಯೂ ಇಳಿಯಿತು.

"ಕೂತುಕೋ," ಎಂದಿತು ಮೊದಲ ಕಲ್ಲು. "ಯಾಕೆ ಇಷ್ಟು ಹೆದರಿದ್ದೀ? ನಿನ್ನ ಅಕ್ಕ ಹುಟ್ಟುವುದಕ್ಕೆ ಇನ್ನೂ ಎಷ್ಟೋ ಕಾಲವಿದೆ. ಹುಟ್ಟದವಳಿಗೆ ಸಾವೆಲ್ಲಿ?"

ಹೌದಲ್ಲವೇ ಎನಿಸಿತು ಜಕ್ಕಲೆಗೆ. ಅವಳು ಕೂತಳು. ಜೀವಮಾನದಲ್ಲಿ ಅಂಥ ನೆಮ್ಮದಿ ಕಂಡಿರಲಿಲ್ಲ. ಅಕ್ಕನ ಮುಖ ಮಸುಕಾಗತೊಡಗಿತು. ಅಕ್ಕನ ಹೆಸರು ನಾಲಿಗೆಯ ತುದಿಯಲ್ಲಿ ನಿಂತು ಹೊರಗೆ ಬರಲಿಲ್ಲ. ಅದನ್ನು ಕಂಡು ಅವಳಿಗೆ ದಿಗಿಲಾಯಿತು.

"ಹುಟ್ಟಿದ ಮೇಲೆ ಅವಳು ಎಷ್ಟು ಹೊತ್ತು ಇರುತ್ತಾಳೆ?" ಎಂದು ಕೇಳಿದಳು.

"ನನ್ನ ಲೆಕ್ಕದಲ್ಲಿ ರೆಪ್ಪೆ ಬಡಿಯುವಷ್ಟು ಹೊತ್ತು."

"ಅಷ್ಟೇ ಹೊತ್ತಾದರೆ ನಾನಿಲ್ಲಿ ಕೂರಬಾರದು," ಎಂದು ಜಕ್ಕಲೆ ಎದ್ದಳು. ಎದ್ದೊಡನೆ ಕೈ ಉರಿಯಿತು, ಎದೆ ಹೊಡೆದುಕೊಂಡಿತು, ಕೇತಲೆ ಎಂಬ ಹೆಸರು ಬಾಯಿಗೆ ಬಂತು. ಮೊದಲ ಕಲ್ಲು ತಡೆಯಲಿಲ್ಲ. ತನ್ನ ಮೈಯಿಂದ ಒಂದು ಹಿಡಿ ಪುಡಿ ಉದುರಿಸಿಕೊಟ್ಟಿತು.

ಮನೆಯಲ್ಲಿ ಅಕ್ಕನ ತುಟಿಯೂ ಕಲ್ಲಾಗಿತ್ತು. ಕಣ್ಣು ಮಾತ್ರ ಆಡುತ್ತಿತ್ತು. ಜಕ್ಕಲೆ ಉಳಿದ ಕಪ್ಪನ್ನು ಸುಟ್ಟ ಕೈಯಿಂದಲೇ ಅರೆದು, ಬಣ್ಣಗಳನ್ನು ಹೊತ್ತು ಅರಮನೆಗೆ ಓಡಿದಳು. ಕುಂಚ ಹಿಡಿಯಲು ಬಲಗೈ ಬಗ್ಗಲಿಲ್ಲ. ಎಡಗೈಯಿಂದ ಬರೆದಳು. ಬಿಳಿ ಎಳೆದಳು, ಕಪ್ಪು ಎಳೆದಳು, ಎಲ್ಲಕ್ಕೂ ಕೆಳಗೆ ಬೂದು ಎಳೆದಳು. ಗೆರೆಗಳು ಸೊಟ್ಟಗಾದವು.

"ಇಷ್ಟೇ ಏನು?" ಎಂದ ಜಡಕಾಯ.

ಆಗ ಗೋಡೆ ಬೆವರಿತು. ನಾಲಿಗೆಗೆ ಉಪ್ಪೆನಿಸುವ ಬೆವರು. ಆಮೇಲೆ ಗೋಡೆ ಬಿಸಿಯಾಯಿತು. ತಾನು ಕಡಲಾಗಿದ್ದುದು, ಬೆಂಕಿಯಾಗಿದ್ದುದು ಕಲ್ಲಿಗೆ ನೆನಪಾಯಿತು. ಗೋಡೆಯಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ ನೆನಪು ಹರಿಯಿತು. ಜನರ ಮೈಮೇಲಿನ ಕಲ್ಲೆಲ್ಲ ಮೆತ್ತಗಾಗಿ, ಕೆಸರಾಗಿ, ಕೆಳಗಿಳಿಯಿತು. ಅವರವರ ವರುಷಗಳು ಅವರವರಿಗೆ ಮರಳಿದವು. ಜಡಕಾಯ ಅಲುಗಾಡದೆ ನಿಂತು ತನ್ನ ಮಂತ್ರ ಜಪಿಸಿದ. ಕೂದಲು ನರೆಯಿತು, ಬೆನ್ನು ಬಾಗಿತು, ನಿಂತಲ್ಲೇ ಅವನು ಹಿಡಿ ಮರಳಾದ. ಗಾಳಿ ಬಂದು ಅದನ್ನು ಹೊತ್ತೊಯ್ದಿತು.

ಅರಸ ಸಿಂಹಾಸನದಿಂದ ಇಳಿದು ಬಂದು ಗೋಡೆಯ ಮುಂದೆ ನಿಂತಿದ್ದ ಜಕ್ಕಲೆಗೆ ಕೈಮುಗಿದ. "ತಾಯೀ, ನನ್ನ ಭಯದಿಂದ ಊರಿಗೆ ಊರೇ ಮುಳುಗುತ್ತಿತ್ತು," ಎಂದ. ಆ ದಿನ ಕಲ್ಗುಡಿಯಲ್ಲಿ ಯಾರೂ ಕೂರಲಿಲ್ಲ. ಮುದುಕರೂ ಮಕ್ಕಳೂ ಬೀದಿಬೀದಿಯಲ್ಲಿ ಸುಮ್ಮನೆ ಓಡಾಡಿದರು, ಕುಣಿದರು.

ಕೂತವಳು ಕೇತಲೆ ಒಬ್ಬಳೇ. ಜಕ್ಕಲೆ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು. "ಎಬ್ಬಿಸಬೇಡಿ," ಎಂದು ಕೇತಲೆ ಬಂದವರಿಗೆಲ್ಲ ಕೈಸನ್ನೆ ಮಾಡುತ್ತಿದ್ದಳು. ಅವಳ ತೊಡೆ ಮೆತ್ತಗಿತ್ತು, ಬೆಚ್ಚಗಿತ್ತು. ಅಕ್ಕತಂಗಿಯರು ಬಹುಕಾಲ ಸುಖವಾಗಿ ಬಾಳಿದರು, ಊರೂ ಹಾಗೆಯೇ ಬಾಳಿತು.