ಮಾಸು ಹೇಳದ ಹೆಸರು

"ಅದನ್ನ ಎಲ್ಲಿಗೆ ತಗೊಂಡು ಹೋಗ್ತಿದ್ದೀರಿ?"

ಆಸ್ಪತ್ರೆಯ ಲಿಫ್ಟ್ ಬಾಗಿಲಿಗೆ ಅಡ್ಡವಾಗಿ ಕೈ ಚಾಚಿ ನಿಂತವನನ್ನು ಕಂಡು ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಎದೆಗೆ ಅವುಚಿಕೊಂಡಿದ್ದ ಬಿಳಿ ಡಬ್ಬಿಯಲ್ಲಿ ಆಗಷ್ಟೇ ಹೆರಿಗೆ ಕೋಣೆಯಿಂದ ಬಂದ ಮಾಸು ಇತ್ತು.

"ಲ್ಯಾಬ್‌ಗೆ. ದಾರಿ ಬಿಡಿ."

"ಅದು ನಮ್ಮಕ್ಕಂದು."

ಅವನು ಆ ಆಸ್ಪತ್ರೆಯ ಲಿಫ್ಟ್ ಮೆಕ್ಯಾನಿಕ್. ವರ್ಷದಿಂದ ಮುಖಪರಿಚಯ, ಮಾತು ಇದೇ ಮೊದಲು. ಗ್ರೀಸ್ ಮೆತ್ತಿದ ಅವನ ಬೆರಳುಗಳು ಬಾಗಿಲಂಚನ್ನು ಬಿಗಿಯಾಗಿ ಹಿಡಿದಿದ್ದವು. ಅವಳ ಬಾಯಿಗೆ ಬಂದಿದ್ದ ಗದರಿಕೆ ಅಲ್ಲೇ ನಿಂತಿತು.

"ಏಳು ತಿಂಗಳಿಗೇ ಹೆರಿಗೆ ಆಗಿದೆ. ಮಗು ಎರಡು ಅಂಗೈಯಲ್ಲಿ ಹಿಡಿಸುವಷ್ಟಿದೆ..." ಅವನ ದೃಷ್ಟಿ ಡಬ್ಬಿಯ ಮೇಲೇ ಇತ್ತು. "ಮೂರು ವಾರದ ಹಿಂದೆ ನನಗೆ ಫ್ಲೂ ಬಂದಿತ್ತು. ಬರೀ ನೆಗಡಿ ಅಂದುಕೊಂಡು ಅಕ್ಕನ ಮನೇಲಿ ಊಟ ಮಾಡಿ ಬಂದೆ. ನಾಲ್ಕನೇ ದಿನ ಅವಳಿಗೆ ಜ್ವರ, ಉಸಿರಾಡೋಕೂ ಕಷ್ಟ. ಇದನ್ನ ಪರೀಕ್ಷೆ ಮಾಡಿದ್ರೆ ನನ್ನಿಂದ ಆಯ್ತೋ ಇಲ್ವೋ ಗೊತ್ತಾಗುತ್ತಾ?"

"ರಿಪೋರ್ಟ್‌ಗೆ ಒಂದು ವಾರ ಬೇಕು. ಹೇಳೋರು ಡಾಕ್ಟರು, ನಾನಲ್ಲ."

ಹಾಗೆಂದು ಲಿಫ್ಟ್ ಹತ್ತಿದಳೇನೋ ಸರಿ, ಮನಸ್ಸು ಮಾತ್ರ ಬಾಗಿಲಲ್ಲೇ ಉಳಿಯಿತು.

ಲ್ಯಾಬ್ ಟೆಕ್ನಿಷಿಯನ್ ಆಗಿ ನೂರಾರು ಮಾಸು ತೂಗಿದ ಕೈ ಅವಳದು. ತಕ್ಕಡಿಗಿಡುವ ಮೊದಲೇ ಇದು ಹಗುರ ಎಂದು ತಿಳಿಯಿತು. ಚಾಕು ಹಾಕಿದಾಗ ಕೆಂಪು ಮಾಂಸದ ನಡುವೆ ಅಲ್ಲಲ್ಲಿ ಬಿಳಿಚಿದ, ಗಟ್ಟಿಯಾದ ತೇಪೆಗಳು. ಸ್ಲೈಡಿಗೆಂದು ಆ ತೇಪೆಗಳಿಂದಲೇ ತುಣುಕು ತೆಗೆದಳು.

ಮರುದಿನ ಅವನು ಲ್ಯಾಬ್ ಬಾಗಿಲಿಗೆ ಬಂದ.

"ಬಂತಾ?"

"ಇಲ್ಲ."

ಅದರ ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ದಿನ ಅವನ ಹೆಜ್ಜೆ ಸದ್ದಿಗೆ ತಾನು ಕಿವಿಗೊಟ್ಟು ಕೂತಿರುವುದು ಅವಳಿಗೇ ಗೊತ್ತಾಯಿತು. 'ನನಗೇನಾಗಿದೆ?' ಎಂದು ತನ್ನನ್ನೇ ಗದರಿಕೊಂಡಳು. ಆದರೂ ಎರಡು ಲೋಟ ಚಹಾ ತರಿಸಿದಳು. ಅವನು ನಿಂತೇ ಕುಡಿದ. ಮಗು ಕಣ್ಣು ಬಿಟ್ಟಿದ್ದನ್ನು ಹೇಳುವಾಗ ಮೊದಲ ಸಲ ನಕ್ಕ.

ನಾಲ್ಕನೆಯ ದಿನ ಸ್ಲೈಡುಗಳು ಸಿದ್ಧವಾದವು. ಅವಳು ಸೂಕ್ಷ್ಮದರ್ಶಕದಲ್ಲಿ ಇಣುಕಿದಳು. ಉರಿಯೂತದ ಕಣಗಳು ಗುಂಪುಗುಂಪಾಗಿ ಮುತ್ತಿದ್ದವು, ಕೆಲವು ರಕ್ತನಾಳಗಳು ಕಟ್ಟಿಕೊಂಡಿದ್ದವು.

"ಇವತ್ತು?" ಬಾಗಿಲಲ್ಲಿ ಅವನು.

ಅವಳು ತಲೆ ತಗ್ಗಿಸಿದಳು. ಹೇಳುವಂತಿಲ್ಲ, ಸುಳ್ಳಾಡಲೂ ನಾಲಿಗೆ ಏಳಲಿಲ್ಲ.

"ಗೊತ್ತಾಯ್ತು ಬಿಡಿ," ಎಂದವನೇ ಹೊರಟುಹೋದ.

ಮತ್ತೆ ಎರಡು ದಿನ ಅವನ ಸುಳಿವಿಲ್ಲ. ಮಗುವಿನ ಕೋಣೆಯತ್ತಲೂ ಬಂದಿಲ್ಲವೆಂದು ನರ್ಸ್ ಹೇಳಿದಳು. ಲ್ಯಾಬಿನಲ್ಲಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದೇ ಸ್ಲೈಡಿಗೆ ಎರಡು ಸಲ ಚೀಟಿ ಅಂಟಿಸಿದಳು. 'ನನ್ನ ಮೌನವನ್ನೇ ತೀರ್ಪು ಅಂದುಕೊಂಡನಾ...?'

ಕೊನೆಗೆ ತಡೆಯಲಾರದೆ ಲ್ಯಾಬಿನ ಹಿರಿಯ ಡಾಕ್ಟರಮ್ಮನ ಮುಂದೆ ನಿಂತಳು.

"ಮೇಡಂ, ಆ ಮಾಸಿನ ರಿಪೋರ್ಟ್ ಇವತ್ತೇ ಮುಗಿಸ್ತೀರಾ? ಮನೆಯವರಿಗೆ ನೀವೇ ವಿವರಿಸಿದ್ರೆ ಒಳ್ಳೇದು."

ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. "ಮನೆಯವರಿಗಾ, ಮನೆಯವರಲ್ಲಿ ಒಬ್ಬರಿಗಾ?"

ಅವಳ ಕಿವಿ ಬಿಸಿಯಾಯಿತು.

ನೆಲಮಾಳಿಗೆಯ ಮೋಟಾರು ಕೋಣೆಯಲ್ಲಿ ಅವನು ಸಿಕ್ಕಿದ. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿತ್ತು.

"ಬನ್ನಿ, ಮೇಡಂ ಕರೀತಿದ್ದಾರೆ."

"ಇನ್ನೇನು ಕೇಳೋದಿದೆ? ನಿಮ್ಮ ಮುಖಾನೇ ಹೇಳ್ತಲ್ಲ."

"ನನ್ನ ಮುಖ ರಿಪೋರ್ಟ್ ಅಲ್ಲ," ಎಂದಳು ಅವಳು. "ಏಳಿ."

ವಾರ್ಡಿನಲ್ಲಿ ಡಾಕ್ಟರಮ್ಮ ಅವನ ಅಕ್ಕನ ಮಂಚದಂಚಿನಲ್ಲೇ ಕೂತರು.

"ವೈರಸ್ಸನ್ನ ಮಾಸಿನಲ್ಲಿ ಹುಡುಕಿದ್ವಿ, ಸಿಗಲಿಲ್ಲ. ಆದ್ರೆ ಬಸುರಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಮಗೂನ ಹೊರಗಿನದು ಅಂತ ತಳ್ಳದ ಹಾಗೆ ಹೊಂದಿಕೊಂಡಿರುತ್ತೆ. ಅಂಥ ಹೊತ್ತಲ್ಲಿ ಫ್ಲೂ ಬಂದ್ರೆ ಪೆಟ್ಟು ಜೋರು. ಇವಳ ಮೈ ಚೆನ್ನಾಗೇ ಹೋರಾಡಿದೆ. ಆ ಹೋರಾಟದ ಉರಿ ಮಾಸಿಗೂ ತಟ್ಟಿ, ಮಗೂಗೆ ಹೋಗೋ ರಕ್ತ ಕಮ್ಮಿಯಾಗಿದೆ. ಬೇಗ ಹೆರಿಗೆ ಆಗಿದ್ದು ಅದಕ್ಕೇ ಇರಬಹುದು. ಖಚಿತವಾಗಿ ಹೇಳೋಕಾಗಲ್ಲ."

"ಆ ಫ್ಲೂ ಬಂದಿದ್ದು ನನ್ನಿಂದಾನೇ ಅಲ್ವಾ?"

"ಯಾರಿಂದ ಅನ್ನೋದು ಯಾವ ಸ್ಲೈಡಲ್ಲೂ ಕಾಣಲ್ಲಪ್ಪ."

ಅಕ್ಕ ಅವನ ತೋಳು ಹಿಡಿದು ಹತ್ತಿರಕ್ಕೆ ಎಳೆದಳು. "ನಾನು ದಿನವಿಡೀ ಬಸ್ಸಿನ ಟಿಕೆಟ್ ಕೌಂಟರಲ್ಲಿ ಕೂತು ಊರವರ ಕೆಮ್ಮೆಲ್ಲ ನುಂಗೋಳು. ನಿನ್ನಿಂದಾನೂ ಬಂದಿರಬಹುದು, ಇಲ್ಲ ಅನ್ನಲ್ಲ. ಹಾಗಂತ ನನ್ನ ಮಗಳಿಗೆ ಸೋದರಮಾವ ಬೇಡವಾ? ಎರಡು ದಿನದಿಂದ ಅವಳನ್ನ ನೋಡೋಕೆ ಬಂದಿಲ್ಲ ನೀನು. ನನಗೆ ಸಿಟ್ಟಿರೋದು ಅದಕ್ಕೆ."

ಅವನು ಅಕ್ಕನ ಕೈಯಲ್ಲಿ ಮುಖ ಹುದುಗಿಸಿ ಬಿಕ್ಕಿದ. ಬಾಗಿಲಲ್ಲಿ ನಿಂತಿದ್ದ ಅವಳು ಕಣ್ಣೊರೆಸಿಕೊಂಡು ಹೊರಗೆ ನಡೆದಳು.

ಸಂಜೆ ಮಗುವಿನ ಕೋಣೆಯ ಗಾಜಿನ ಮುಂದೆ ಇಬ್ಬರೂ ನಿಂತಿದ್ದರು. ಉಸಿರಿನ ನಳಿಗೆಯನ್ನು ಅಂದೇ ತೆಗೆದಿದ್ದರು. ಮಗು ತಾನಾಗಿಯೇ ಉಸಿರಾಡುತ್ತಿತ್ತು.

"ಆವತ್ತು ನೀವು ತಲೆ ತಗ್ಗಿಸಿದಾಗ, ನನ್ನನ್ನ ನೋಡೋಕೂ ಮನಸ್ಸಿಲ್ಲ ನಿಮಗೆ ಅಂದುಕೊಂಡೆ."

"ಹೇಳಬಾರದ ಮಾತು ಬಾಯಲ್ಲಿತ್ತು."

"ರಿಪೋರ್ಟಿನ ಮಾತಾ?"

"ಅದೊಂದೇ ಅಲ್ಲ..."

ಅವನು ತಿರುಗಿ ನೋಡಿದ. "ಇನ್ನೊಂದನ್ನ ಹೇಳೋಕೂ ಡಾಕ್ಟರಮ್ಮನ ಅಪ್ಪಣೆ ಬೇಕಾ?"

ಅವಳು ನಕ್ಕಳು. ನಗುವಿನ ಜೊತೆಗೇ ಕಣ್ಣು ತುಂಬಿತು. "ನೀವು ಬರದ ಎರಡು ದಿನ ನನಗೆ ಯಾವ ಕೆಲಸಾನೂ ಕೈಗೆ ಹತ್ತಲಿಲ್ಲ. ನನಗೆ ನೀವು ಬೇಕು. ಅಷ್ಟೇ."

ಅವನು ಅವಳತ್ತ ಒಂದು ಹೆಜ್ಜೆ ಸರಿದ. ಬಳಿಕ ಮೆಲ್ಲಗೆ, "ಇನ್ನೂ 'ನೀವು' ಅಂತಾನೇ ಕರೀತೀಯಾ?" ಎಂದ.

"ನೀನು," ಅಂದಳು ಅವಳು, ಹೊಸ ಪದ ಕಲಿತವಳಂತೆ. "ನಾಳೆ ಬಾ. ನಾಡಿದ್ದೂ ಬಾ."

"ನೀನು ಬೇಡ ಅನ್ನೋ ತನಕ ಬರ್ತೀನಿ."

"ಅನ್ನಲ್ಲ."