ಮಡೆಪ್ಪನ ರುಮಾಲಿನ ಅಳತೆ

"ಗರಗಸ ನಿಲ್ಸ್ರಿ!"

ಮಿಸ್ತ್ರಿ ಜ್ಞಾನೇಶ್ವರನ ಕೈ ನಿಂತಿತು. ಆದರೆ ಆಗಲೇ ತಡವಾಗಿತ್ತು. ಕಾರಿನ ಟಾಪು ಹೊತ್ತ ನಾಲ್ಕು ಕಂಬಗಳಲ್ಲಿ ಮೂರನ್ನು ಅವನು ಕೊಯ್ದು ಮುಗಿಸಿದ್ದ.

ಅಂಗಳದ ಬಾಗಿಲಲ್ಲಿ ಹೀರಾಬಾಯಿ ನಿಂತಿದ್ದಳು. ಸಿಟ್ಟಿನಲ್ಲಿ ಸೊಂಟದ ಮೇಲಿನ ಕೊಡ ಇಳಿಸುವುದನ್ನೂ ಮರೆತಿದ್ದಳು.

"ನಮ್ಮಪ್ಪನ ಗಾಡಿ ಕೊಯ್ಯಂತ ಯಾರು ಹೇಳ್ಯಾರ್ರಿ ನಿಮಗ?"

"ನಿಮ್ಮ ಅವ್ವಾರು ಕರೆಸ್ಯಾರ್ರಿ. ಗೋಡಿ ಬಿದ್ದು ಕಂಬ ಮುರದಾವ. ಮುರದ ನಾಲ್ಕು ಇಂಚು ತೆಗದು, ಟಾಪು ಕೆಳಗ ಇಳಿಸಿ ಕೂಡಸ್ಬೇಕ್ರಿ. ಬ್ಯಾರೆ ದಾರಿ ಇಲ್ಲ."

ಮೊದಲ ಭೇಟಿ ಹೀಗೂ ಆಗುತ್ತದೆ ನೋಡಿ. ಅವನು ಅವಳ ಮುಖ ನೋಡಿದ. ಅವಳು ಅವನ ಗರಗಸ ನೋಡಿದಳು.

ಎರಡೇ ಬಾಗಿಲು, ಒಂದೇ ಉದ್ದನೆಯ ಸೀಟಿನ ಆ ವಿಲಾಯತಿ ಕಾರನ್ನು ಜಹಗೀರದಾರನೊಬ್ಬ ತನ್ನ ಡ್ರೈವರ್ ಮಡೆಪ್ಪನಿಗೆ ಬಿಟ್ಟು ಹೈದರಾಬಾದಿಗೆ ಹೋಗಿದ್ದ. ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆದ ವಾರ, ಹಳ್ಳಿಗಳಲ್ಲಿ ಯಾರು ಯಾರನ್ನು ಕೊಲ್ಲುತ್ತಾರೋ ತಿಳಿಯದ ದಿನಗಳಲ್ಲಿ, ಮಡೆಪ್ಪ ಭಾಲ್ಕಿಯಿಂದ ಗಾಡಿ ಮಿಸ್ತ್ರಿ ಬಾಬುಮಿಯಾನ ಹೆಂಡತಿ ಚಾಂದಬೀಯನ್ನೂ ಅವಳ ಮಕ್ಕಳನ್ನೂ ಇದೇ ಕಾರಿನಲ್ಲಿ ಕರೆತಂದು ಬೀದರದ ತನ್ನ ಮನೆಯಲ್ಲಿಟ್ಟ. ಅವರ ಮನೆಯ ಉಳಿದವರನ್ನು ತರುತ್ತೇನೆಂದು ಹೊರಳಿ ಹೋದ. ನಾಲ್ಕನೇ ದಿನ ಭಾತಂಬ್ರಾದ ಹಾದಿಯಲ್ಲಿ ಕಾರು ಸಿಕ್ಕಿತು.

ಮಡೆಪ್ಪ ಸಿಗಲಿಲ್ಲ.

ಎರಡು ವರ್ಷವಾಯಿತು. ಹೆಂಡತಿ ಪುತಳಾಬಾಯಿ ಇನ್ನೂ ಕುಂಕುಮ ಇಡುತ್ತಿದ್ದಳು. ಹೀರಾಬಾಯಿಯಂತೂ ಬಂದ ಗಂಡುಗಳನ್ನೆಲ್ಲ ಹಿಂದೆ ಕಳಿಸಿದ್ದಳು. ಅಪ್ಪ ಬಂದು ಧಾರೆ ಎರೆಯಲಿ ಎಂಬುದೇ ಅವಳ ಹಟ. ಅವನು ಬರುವವರೆಗೆ ಕಾರು ಅವನು ಬಿಟ್ಟಂತೆಯೇ ಇರಬೇಕು. ಆದರೆ ಈ ಶ್ರಾವಣದ ಮಳೆಗೆ ಅಂಗಳದ ಮಣ್ಣಿನ ಗೋಡೆ ಕುಸಿದು ನೇರ ಕಾರಿನ ನೆತ್ತಿಯ ಮೇಲೆ ಬಿದ್ದಿತ್ತು.

"ಟಾಪು ಇಳಿಸಿದ್ರ ನಮ್ಮಪ್ಪ ಹ್ಯಾಂಗ ಕೂಡ್ಬೇಕ್ರಿ? ಆರು ಅಡಿ ಆಳು."

"ನಾನೂ ಅಷ್ಟೇ ಎತ್ತರ ಅದೀನ್ರಿ. ಕೂತು ಅಳತಿ ನೋಡೀನಿ. ತಲಿ ತಗಲಂಗಿಲ್ಲ."

ಹೀರಾಬಾಯಿ ಅವನ ತಲೆ ನೋಡಿದಳು. ಕೆಲಸಕ್ಕೆಂದು ಟೋಪಿ ತೆಗೆದು ಗೂಟಕ್ಕೆ ಹಾಕಿದ್ದ.

"ಬರೀ ತಲೀಲೆ ಕೂತೀರೇನು?"

"ಹೌದ್ರಿ..."

ಅಷ್ಟು ಸಾಕಾಯಿತು. ಮಡೆಪ್ಪ ರುಮಾಲಿಲ್ಲದೆ ಹೊಸ್ತಿಲು ದಾಟಿದವನಲ್ಲ. ಆ ಕಡೆಯ ಗಂಡಸರು ಹೊರಗೆ ಬರೀ ತಲೆಯಲ್ಲಿ ನಿಲ್ಲುವುದು ಮನೆಯಲ್ಲಿ ಸಾವಾದಾಗ ಮಾತ್ರ. ಈ ಮಿಸ್ತ್ರಿ ಅಳತೆಯಲ್ಲಿ ರುಮಾಲನ್ನೇ ಮರೆತಿದ್ದ.

"ನಮ್ಮಪ್ಪ ಇನ್ನ ಬರಂಗಿಲ್ಲಂತ ನೀವೇ ತೀರ್ಮಾನ ಮಾಡೀರಿ. ನಡೀರಿ ಹೊರಗ."

ಅವನು ಗರಗಸ ಚೀಲಕ್ಕೆ ಹಾಕಿದ. ಗೂಟದಿಂದ ಟೋಪಿ ತೆಗೆದುಕೊಂಡು ಹೋದ.

ಸಂಜೆ ಪುತಳಾಬಾಯಿ ರೊಟ್ಟಿ ತಟ್ಟುತ್ತಲೇ ಮಗಳನ್ನು ತರಾಟೆಗೆ ತೆಗೆದುಕೊಂಡಳು.

"ಅಂವ ಯಾರಂತ ಗೊತ್ತೇನ ನಿನಗ? ಠಾಣಾ ಕುಶನೂರಿನಂವ. ಚಾಂದಬೀ ಗಂಡ ಬಾಬುಮಿಯಾ ಉಸ್ತಾದರ ಕೈಯಾಗ ಕೆಲಸ ಕಲ್ತಾನ. ನಿಮ್ಮಪ್ಪನ್ನ ಹುಡುಕ್ಕೋತ ಮೂರು ದಿನ ಊರೂರು ತಿರುಗಿದಂವ, ಭಾತಂಬ್ರಾದಿಂದ ಗಾಡಿಗಿ ಎತ್ತು ಕಟ್ಟಿ ಎಳಸಿ ತಂದಂವ ಅಂವನೇ. ನೀ ಆಗ ಮೆಹಕರದಾಗ ಅಜ್ಜಿ ಕಡೆ ಇದ್ದಿ."

ಹೀರಾಬಾಯಿ ರೊಟ್ಟಿಯ ತಾಟು ಪಕ್ಕಕ್ಕೆ ಸರಿಸಿದಳು. ಅಯ್ಯೋ... ನಾನು ಎಂಥ ಮಾತು ಆಡಿಬಿಟ್ಟೆ. ಅಪ್ಪನನ್ನು ಹುಡುಕಿದವನಿಗೇ, ಅಪ್ಪ ಬರುವುದಿಲ್ಲ ಅಂದುಕೊಂಡಿರಿ ಎಂದೆನಲ್ಲ.

ಎಂಟು ದಿನ ಅವನು ಬರಲಿಲ್ಲ. ಎಂಟು ದಿನ ಅವಳು ಬಾಗಿಲು ನೋಡಿದಳು. ಅಪ್ಪನಿಗಾಗಿ ನೋಡುವ ಬಾಗಿಲನ್ನೇ ಬೇರೊಬ್ಬನಿಗಾಗಿಯೂ ನೋಡುತ್ತಿದ್ದೇನೆಂದು ಅರಿವಾದಾಗ ಅವಳಿಗೆ ಭಯವಾಯಿತು.

ಒಂಬತ್ತನೇ ದಿನ ಹೊಲದಿಂದ ಬಂದರೆ ಅಂಗಳದಲ್ಲಿ ಸುತ್ತಿಗೆಯ ಸದ್ದು. ಪುತಳಾಬಾಯಿಯೇ ಹೇಳಿ ಕಳಿಸಿದ್ದಳು. ಟಾಪು ಗಿಡ್ಡ ಕಂಬಗಳ ಮೇಲೆ ಕೂತಿತ್ತು. ಅದರ ನಡುವೆ ಉದ್ದಕ್ಕೆ ಒಂದು ಹೊಸ ತಗಡಿನ ಪಟ್ಟಿ.

"ಇದ್ಯಾಕ್ರಿ?" ದನಿ ತಗ್ಗಿತ್ತು.

"ಕಂಬ ಮ್ಯಾಲ ಹೋದಂಗ ಒಳಗ ವಾಲ್ತಾವ್ರಿ. ಟಾಪು ಇಳಿಸಿದ್ರ ಕೆಳಗ ಉಳದ ತುಂಡಿಗಿ ಕೂಡಂಗಿಲ್ಲ, ಸಣ್ಣದಾಗ್ತದ. ಅದಕ್ಕ ನಡುವ ಸೀಳಿ ಅಗಲ ಮಾಡೀನಿ."

"ಬೆಸುಗಿ ಕಾಣ್ತದಲ್ರಿ."

"ಕಾಣ್ಲಿ ಬಿಡ್ರಿ. ಮುರದಿದ್ದನ್ನ ಮುರದಿಲ್ಲಂತ ಯಾಕ ಹೇಳ್ಬೇಕು?"

ಅವನು ತಲೆ ಎತ್ತಿದ. ಆಗ ಅವಳಿಗೆ ಕಂಡಿತು. ತಲೆಗೆ ಒಂದು ಹಳೆಯ ಪಂಚೆ ಸುತ್ತಿಕೊಂಡಿದ್ದ. ಸುತ್ತಲು ಬಾರದೆ ಅದು ಕಿವಿಯ ಮೇಲೆ ಜಾರಿತ್ತು.

"ರುಮಾಲು ಹಿಡಿಸ್ಲಂತ ಸೀಟಿನ ಕೆಳಗಿನ ಕಟ್ಟಿಗಿ ಆರು ಇಂಚು ಕೊಯ್ದೀನ್ರಿ," ಎಂದ. "ಟಾಪು ನಾಲ್ಕು ಇಳೀತು, ಸೀಟು ಆರು ಇಳೀತು. ಅವತ್ತ ನಂದು ತಪ್ಪಾತು."

ಹೀರಾಬಾಯಿ ಒಳಗೆ ಹೋದಳು. ಎರಡು ವರ್ಷದಿಂದ ತೆರೆಯದ ಪೆಟ್ಟಿಗೆ ತೆರೆದು ಅಪ್ಪನ ರುಮಾಲು ತಂದಳು.

"ಇದನ್ನ ಸುತ್ಕೊಂಡು ಕೂಡ್ರಿ."

"ಬ್ಯಾಡ್ರಿ. ಅದು ಅವರ ತಲಿಮ್ಯಾಲಿಂದು."

"ಅಳತಿಗಿ ಅಷ್ಟೇ ರಿ."

ಮೊದಲೆಲ್ಲ ದಿನಾ ಬೆಳಿಗ್ಗೆ ಅಪ್ಪ ರುಮಾಲು ಸುತ್ತುವಾಗ ಇನ್ನೊಂದು ತುದಿ ಹಿಡಿದು ನಿಲ್ಲುತ್ತಿದ್ದವಳು ಅವಳೇ. ಇಂದೂ ಹಿಡಿದಳು. ಜ್ಞಾನೇಶ್ವರ ಸುತ್ತಿಕೊಳ್ಳುತ್ತ ಹೆಜ್ಜೆ ಹೆಜ್ಜೆಗೂ ಹತ್ತಿರ ಬಂದ. ಕೊನೆಯ ತುದಿಯನ್ನು ಅವಳೇ ಸಿಕ್ಕಿಸಿದಳು.

ಅವನು ಕಾರಿನೊಳಗೆ ಕೂತ. ರುಮಾಲಿಗೂ ಟಾಪಿಗೂ ನಡುವೆ ಎರಡು ಬೆರಳು ಜಾಗ ಉಳಿಯಿತು.

ಹೀರಾಬಾಯಿ ಬಾಗಿಲು ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು.

"ಎರಡು ವರ್ಷ ನಾ ಅತ್ತಿಲ್ರಿ... ಅತ್ರ ಅಪ್ಪ ಬರಂಗಿಲ್ಲಂತ ಒಪ್ಪಿದಂಗ ಆಗ್ತದಂತ."

"ಅಳ್ರಿ. ಅತ್ತವರೂ ಹಾದಿ ಕಾಯ್ತಾರ." ಅವನು ಸ್ಟಿಯರಿಂಗ್ ನೋಡುತ್ತ ಹೇಳಿದ. "ನೀವು ಹೊರಗ ನಡಿ ಅಂದ್ರಲ್ಲ, ಆ ದಿನದಿಂದ ನನ್ನ ಮನಸ್ಸು ಈ ಅಂಗಳ ಬಿಟ್ಟು ಹೋಗಿಲ್ರಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾ ಅಪ್ಪನ ಹಾದಿ ಕಾಯೋದು ಬಿಡಂಗಿಲ್ರಿ."

"ಬಿಡಂತ ಯಾರಂದ್ರು? ಇಬ್ಬರೂ ಕೂಡಿ ಕಾಯೂಣು."

"ಅವರು ಬಂದ್ರ ಜಾಗ ಎಲ್ಲದ? ಒಂದೇ ಸೀಟು."

"ಅಪ್ಪಾರು ಗಾಡಿ ನಡಸ್ತಾರ. ನೀವು ನಡುವ. ನಾ ಬಾಗಿಲ ಕಡೆ. ಮೂರು ಮಂದಿ ಹಿಡಿಸ್ತಾರ್ರಿ, ಅಳತಿ ನೋಡೀನಿ."

"ಬರೀ ತಲೀಲೆ?"

"ಇಲ್ರಿ ಹೀರಾ. ಈ ಸಲ ರುಮಾಲು ಸುತ್ಕೊಂಡೇ ನೋಡೀನಿ."