ಒಂದೇ ಕೋಣೆಯ ಸಂದು

“ಅಪ್ಪನ ಹತ್ರ ದೂರು ಹೇಳೋ ಮೊದಲು ನನಗೊಂದು ಮಾತು ಹೇಳೋಕೆ ಬಾಯಿರಲಿಲ್ವಾ ನಿಮಗೆ?”

ಬಾಗಿಲು ತೆರೆದವನು ಕಕ್ಕಾಬಿಕ್ಕಿ! “ದೂರಾ? ನಾನಾ?”

“ಇನ್ಯಾರು, ನಿಮ್ಮನೆ ಗೋಡೆನಾ?”

ಅವಳು ಮರದ ನೆಲ ಹಾಸುವ ಮೇಸ್ತ್ರಿಯ ಮಗಳು. ಒಬ್ಬಳೇ ನಿಂತು ಮಾಡಿದ ಮೊದಲ ಕೆಲಸ ಈ ಮನೆಯದು. ಹಾಸಿ ತಿಂಗಳಾಗಿಲ್ಲ, ಹಲಗೆಗಳ ನಡುವೆ ಸಂದು ಬಿಟ್ಟಿದೆಯೆಂದು ಅಪ್ಪನಿಗೆ ಫೋನ್ ಬಂದಿತ್ತು. “ತಪ್ಪು ನಿಂದೇ ಆಗಿದ್ರೆ ಇನ್ಮೇಲೆ ಒಬ್ಬಳನ್ನೇ ಕಳಿಸಲ್ಲ ಮಗಳೇ” ಎಂದಿದ್ದರು ಅಪ್ಪ.

ಫೋನ್ ಮಾಡಿದವನು ಇವನೇ ಎಂದುಕೊಂಡಿದ್ದಳು. ಮನೆಯೊಡತಿಯ ತಮ್ಮ. ಕೆಲಸ ನಡೆದಷ್ಟು ದಿನವೂ ಹಲಗೆಯ ಇನ್ನೊಂದು ತುದಿ ಹಿಡಿದು, ತುಟಿ ಪಿಟಕ್ಕೆನ್ನದೆ ಅವಳನ್ನೇ ನೋಡುತ್ತಿದ್ದ. ಗುಮ್ಮನಗುಸುಕ ಎಂದು ಮನಸ್ಸಿನಲ್ಲೇ ಹೆಸರಿಟ್ಟಿದ್ದಳು. ಆ ಗುಮ್ಮನಗುಸುಕ ಇಷ್ಟವಾಗಿಬಿಟ್ಟಿದ್ದ... ಅದೇ ಉರಿ!

ನಡುಮನೆಯಲ್ಲಿ ಕೂದಲೆಳೆಯಷ್ಟೂ ಸಂದಿಲ್ಲ. ಊಟದ ಕೋಣೆಯೂ ಸರಿ. ಅವನ ಕೋಣೆಯಲ್ಲಿ ಮಾತ್ರ ನಾಣ್ಯ ತೂರುವಷ್ಟು!

ಅದೇ ಮರ, ಅದೇ ಕೈ... ಈ ಕೋಣೆಗೇನು ಬಂತು ರೋಗ?

ಮಂಡಿಯೂರಿ ಸಂದಿಗೆ ತೆಳು ಚಾಕು ಇಳಿಸಿದಳು. ತುದಿಗೆ ಕಂದು ಬಣ್ಣದ ಮೆತ್ತನೆ ಕೂದಲು ಅಂಟಿ ಬಂತು. ಮನುಷ್ಯರದಲ್ಲ. ಕೋಣೆಯೋ, ಒಲೆಯ ಮುಂದೆ ಕೂತಷ್ಟು ಬಿಸಿ. ಅಷ್ಟರಲ್ಲಿ ಕಪಾಟಿನ ಕಡೆಯಿಂದ ‘ಮಿಯಾಂವ್!’

“ಏನದು?”

“ಏನಿಲ್ಲ...” ಅವನು ಕಪಾಟಿಗೆ ಅಡ್ಡ ನಿಂತ.

“ಏನಿಲ್ಲ ಅನ್ನೋದು ಮಿಯಾಂವ್ ಅನ್ನುತ್ತಾ? ಸರೀರಿ ಆಚೆ!”

ಕಪಾಟಿನೊಳಗೆ ಅವನ ಹಳೇ ಸ್ವೆಟರಿನ ಮೇಲೆ ತಾಯಿಬೆಕ್ಕು, ಆಗಷ್ಟೇ ಕಣ್ಣು ಬಿಟ್ಟ ಮರಿಗಳು. ಕಪಾಟಿನ ಮಗ್ಗುಲಿಗೇ ಉರಿಯುತ್ತಿದ್ದ ಹೀಟರ್.

“ಚಳಿಗೆ ಸತ್ತೋಗ್ತವೇನೋ ಅಂತ ಹಗಲೂ ರಾತ್ರಿ ಹಚ್ಚಿಟ್ಟಿದ್ದೆ. ಅಕ್ಕನಿಗೆ ಬೆಕ್ಕು ಕಂಡ್ರೆ ಆಗಲ್ಲ...”

“ಒಣ ಬಿಸಿಗೆ ಮರ ಕುಗ್ಗಿದೆ ಕಣ್ರೀ!” ನಗು ಬಂತು, ಹಿಂದೆಯೇ ಅಳುವೂ ಬಂತು. ಹೇಳಿದರೆ ಮರಿಗಳು ಬೀದಿಗೆ. ಹೇಳದಿದ್ದರೆ ತಾನು ಮನೆಯಲ್ಲೇ!

ಹೆಜ್ಜೆ ಸಪ್ಪಳಕ್ಕೆ ಅವನು ಮತ್ತೆ ಕಪಾಟಿಗೆ ಅಡ್ಡ ನಿಂತ. ಬಾಗಿಲಲ್ಲಿ ಅಕ್ಕ ನಿಂತಿದ್ದರು. “ಬಂದ್ಯಾ? ನಾನೇ ಫೋನ್ ಮಾಡಿದ್ದು. ಹೀಗಾ ಕೆಲಸ ಮಾಡೋದು?”

ಅಯ್ಯೋ, ಇವನಲ್ಲ! ಅವಳು ನಾಲಿಗೆ ಕಚ್ಚಿಕೊಂಡಳು. ಅವನ ಬೆನ್ನ ಹಿಂದಿನ ಮರಿಗಳನ್ನು ನೋಡಿದಳು. “ಅದು... ನಂದೇ ತಪ್ಪು...”

“ಅವರ ತಪ್ಪಲ್ಲ ಅಕ್ಕಾ!”

ಗುಮ್ಮನಗುಸುಕ ಬಾಯಿಬಿಟ್ಟಿದ್ದ! ಬೆಕ್ಕು, ಹೀಟರ್, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. “ಬೈಯೋದಾದ್ರೆ ನನ್ನ ಬೈಯಿ. ಮೊದಲು ಇವರಪ್ಪನಿಗೆ ಫೋನ್ ಮಾಡಿ ಹೇಳು, ಮಗಳ ಕೆಲಸದಲ್ಲಿ ಒಂದು ಕೊಂಕೂ ಇಲ್ಲ ಅಂತ.”

ಅಕ್ಕ ತಮ್ಮನನ್ನು ನೋಡಿದರು, ಅವಳನ್ನು ನೋಡಿದರು. “ಇಷ್ಟು ಮಾತು ಬರುತ್ತಾ ನಿಂಗೆ?” ಎನ್ನುತ್ತಾ ಫೋನ್ ಎತ್ತಿಕೊಂಡರು. “ಮರಿ ದೊಡ್ಡವಾಗೋವರೆಗೆ ಮಾತ್ರ. ಆಮೇಲೆ ಒಂದೂ ಇರಕೂಡದು!”

ಅಕ್ಕ ಆಚೆ ಹೋದ ಮೇಲೆ ಅವನು ಮೆಲ್ಲಗೆ ಕೇಳಿದ, “ಸಂದಿಗೆ ಏನಾದ್ರೂ ತುಂಬ್ತೀರಾ?”

“ಈಗ್ಲೇ ಬೇಡ. ಹೀಟರ್ ಆರಿಸಿ, ಮರಿಗಳಿಗೆ ಕಂಬಳಿ ಹೊದಿಸಿ. ಮರ ಗಾಳಿಯ ತೇವ ಎಳ್ಕೊಂಡು ತಾನೇ ಹಿಗ್ಗುತ್ತೆ. ಆಗಾಗ ಬಂದು ನೋಡ್ತೀನಿ.”

“ಸಂದು ಮುಚ್ಕೊಂಡ ಮೇಲೆ?”

“ನೀವೇ ಹೇಳಿ. ಈಗ ಬಾಯಿ ಬಂದಿದೆಯಲ್ಲ!”

“ಆಮೇಲೂ ಬನ್ನಿ... ನಿಮ್ಮನ್ನ ನೋಡದೆ ನಂಗೆ ಇರೋಕಾಗ್ತಿಲ್ಲ.”

ಅವಳ ಕಣ್ಣು ತುಂಬಿತು. ಒಂದು ಮರಿಯನ್ನೆತ್ತಿ ಎದೆಗೊತ್ತಿಕೊಂಡಳು. “ದೊಡ್ಡದಾದ್ಮೇಲೆ ಇದು ನಮ್ಮನೆಗೆ. ನೋಡೋಕೆ ನೀವು ಬರ್ಬೇಕು. ಅಪ್ಪನ ಹತ್ರ ಮಾತಾಡ್ಬೇಕು.”

“ಏನಂತ?”

“ಅದನ್ನೂ ನಾನೇ ಹೇಳ್ಕೊಡ್ಬೇಕಾ, ಗುಮ್ಮನಗುಸುಕ!”